ಮಾರ್ನಿ ನಿಂತ ಸಾಲು

ಮಾರ್ನಿ ಡುಶೆಕ್ ಓದಲು ಎದ್ದು ನಿಂತಳೆಂದರೆ ನಮ್ಮ ನಾಲ್ಕನೇ ತರಗತಿಯಲ್ಲಿ ಪೆನ್ಸಿಲ್ ಕೆತ್ತುವವರು ಕೂಡ ಕೈ ನಿಲ್ಲಿಸುತ್ತಿದ್ದರು. ಫೆಬ್ರುವರಿಯ ಆ ಬೆಳಿಗ್ಗೆಯೂ ಹಾಗೇ ಆಯಿತು. ಕಿಟಕಿಯ ಆಚೆ ನೆಬ್ರಾಸ್ಕಾದ ಗಾಳಿ, ಬಿದ್ದ ಹಿಮವನ್ನೇ ಮತ್ತೆ ಎತ್ತಿ ಬಯಲಿನ ಉದ್ದಕ್ಕೂ ಓಡಿಸುತ್ತಿತ್ತು. ಒಳಗೆ ಮಾರ್ನಿ ಹಿಮಗಾಳಿಯ ಅಧ್ಯಾಯವನ್ನು ಓದುತ್ತಿದ್ದಳು.

ಪುಸ್ತಕದ ಹೆಸರು ‘ಬಾವಿ ತೋಡಿದ ವರ್ಷ’. ಇದೇ ಬಯಲಿಗೆ ಎತ್ತಿನ ಗಾಡಿ ಕಟ್ಟಿಕೊಂಡು ಮೊದಮೊದಲು ಬಂದು ನೆಲೆನಿಂತ ಒಂದು ಕುಟುಂಬದ ಕತೆ. ಫೀಬಿ ಎಂಬ ಹುಡುಗಿ ಹೇಳುವಂತೆ ಬರೆದದ್ದು. ಪ್ರತಿ ವರ್ಷ ಚಳಿಗಾಲದ ನಡುವಿನಿಂದ ಶಾಲೆ ಮುಗಿಯುವ ತನಕ ನಾನು ಓದನ್ನೂ ಪದಗಳನ್ನೂ ಇದೊಂದೇ ಪುಸ್ತಕದಿಂದ ಕಲಿಸುತ್ತೇನೆ. ಆ ದಿನದ ಅಧ್ಯಾಯದಲ್ಲಿ ಫೀಬಿಯ ಅಪ್ಪ, ಮನೆಯಿಂದ ಕೊಟ್ಟಿಗೆಗೆ ಕಟ್ಟಿದ ಹಗ್ಗ ಹಿಡಿದುಕೊಂಡು ದನಗಳಿಗೆ ಮೇವು ಹಾಕಲು ಹೋಗುತ್ತಾನೆ. ಹಗ್ಗ ಕಡಿಯುತ್ತದೆ. ಫೀಬಿ ಬಟ್ಟೆ ಒಗೆಯುವ ತಗಡಿನ ಬಾನಿಯನ್ನು ಬಾಗಿಲಿಗೆ ಎಳೆದು ತಂದು ಸೌಟಿನಿಂದ ಬಡಿಯುತ್ತಾಳೆ, ಕೈ ಜೋಮು ಹಿಡಿದರೂ ಬಡಿಯುತ್ತಲೇ ಇರುತ್ತಾಳೆ.

ಮಾರ್ನಿಯ ದನಿ ಇಳಿಯಬೇಕಾದಲ್ಲಿ ಇಳಿಯಿತು, ಏರಬೇಕಾದಲ್ಲಿ ಏರಿತು. ಒಂದು ಪದಕ್ಕೂ ತಡವರಿಸಲಿಲ್ಲ, ಒಂದು ಸಾಲಿನಲ್ಲೂ ನಿಲ್ಲಲಿಲ್ಲ. ಮುಗಿದಾಗ ಹಿಂದಿನ ಬೆಂಚಿನ ವೇಡ್ ಸಿಳ್ಳೆ ಹಾಕಿದ.

“ಮಾರ್ನಿ, ಫೀಬಿ ಯಾಕೆ ಬಾನಿ ಬಡಿದ್ಳು?” ಎಂದು ಕೇಳಿದೆ. ಯಾರನ್ನಾದರೂ ಕೇಳಬಹುದಾದ ಸಾದಾ ಪ್ರಶ್ನೆ.

“ಅವಳಿಗೆ ಸಿಟ್ಟು ಬಂದಿತ್ತು, ಮಿಸ್.”

“ಯಾರ ಮೇಲೆ?”

ಅವಳ ಕಣ್ಣು ಪುಟದ ಮೇಲೆ ಸರ್ರನೆ ಓಡಿತು. “‘ಅಪ್ಪ ಇನ್ನೂ ಬರಲಿಲ್ಲ’ ಅಂತ ಇದೆಯಲ್ಲ. ಅಪ್ಪನ ಮೇಲೆ.”

“ಅಯ್ಯೋ ಕರ್ಮ! ಅಪ್ಪನಿಗೆ ಕೇಳ್ಲಿ ಅಂತ ಕಣೇ ಬಡಿದಿದ್ದು,” ಎಂದ ವೇಡ್. “ಹಿಮದಲ್ಲಿ ಮನೆ ಎಲ್ಲಿದೆ ಅಂತ ಕಾಣಲ್ವಲ್ಲ! ಸದ್ದು ಹಿಡ್ಕೊಂಡು ಬರ್ತಾನೆ.”

“ಗೊತ್ತಿತ್ತು ಬಿಡೋ. ತಮಾಷೆ ಮಾಡ್ದೆ,” ಎಂದು ಮಾರ್ನಿ ನಕ್ಕಳು. ತರಗತಿಯೂ ನಕ್ಕಿತು. ಅವಳ ಹೆಬ್ಬೆರಳು ಮಾತ್ರ ಪುಟದ ಅಂಚನ್ನು ಒತ್ತಿ ಒತ್ತಿ ಮುದುರಿಸುತ್ತಿತ್ತು.

ಊಟದ ಬಿಡುವಿನಲ್ಲಿ ನಾನು ಎಲ್ಲರ ಪುಸ್ತಕಗಳನ್ನೂ ತಿರುವಿ ನೋಡಿದೆ. ನನ್ನ ತರಗತಿಯಲ್ಲಿ ಒಂದು ಪದ್ಧತಿಯಿದೆ. ಓದುವಾಗ ಮನಸ್ಸಿನಲ್ಲಿ ಕತೆಯ ಚಿತ್ರ ಕಾಣುತ್ತಿರಬೇಕು; ಎಲ್ಲಿ ಚಿತ್ರ ನಂದಿ ಕತ್ತಲಾಯಿತೋ ಆ ಸಾಲಿನ ಪಕ್ಕ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಬೇಕು. ಆಮೇಲೆ ಆ ಸಾಲಿಗೆ ಎಲ್ಲರೂ ಸೇರಿ ಹಿಂತಿರುಗುತ್ತೇವೆ. ವೇಡ್‌ನ ಪುಸ್ತಕ ಮುಳ್ಳುಹಂದಿಯಂತಿತ್ತು. ಮಾರ್ನಿಯ ಪುಸ್ತಕದಲ್ಲಿ ಒಂದೂ ಕ್ಲಿಪ್ಪಿರಲಿಲ್ಲ. ಕೊಟ್ಟ ಕ್ಲಿಪ್ಪುಗಳನ್ನು ಅವಳು ಮೇಜಿನ ಅಂಚಿಗೆ ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದಳು.

ಗೋಡೆಗೆ ಅಂಟಿಸಿದ ಕಂದು ಕಾಗದದ ಪದಗಳನ್ನು ನೋಡಿದೆ. ಅಲ್ಲಿಯೂ ಒಂದು ನಿಯಮ: ಮುಟ್ಟದೆ, ಎತ್ತದೆ, ಮಾಡಿ ನೋಡದೆ ಒಂದು ಪದವೂ ಗೋಡೆಗೆ ಏರಕೂಡದು. ‘ನೊಗ’ ಬರೆಯುವ ಮೊದಲು ಇಬ್ಬಿಬ್ಬರು ನೊಗ ಹೊತ್ತು ಅಂಗಳ ಸುತ್ತಿದ್ದರು. ಹುಲ್ಲಿನ ಬೇರುಗಳಿಂದ ಹೆಣೆದುಕೊಂಡ ನೆಲವನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುತ್ತಿದ್ದರೆಂದು ಓದುವ ಮೊದಲು ಸಲಿಕೆ ಹಿಡಿದು ಒಂದು ತುಂಡು ಕಿತ್ತು ನೋಡಿದ್ದರು. ವೇಡ್ ಕಾಲಿನ ಮೇಲೆ ಬೀಳಿಸಿಕೊಂಡಿದ್ದ. ಪದವನ್ನು ಅದೇ ರಾತ್ರಿಯೂಟದಲ್ಲಿ ಮನೆಯವರ ಮುಂದೆ ಬಳಸಿ, ಯಾರು ಏನೆಂದರೆಂದು ಮರುದಿನ ಹೇಳಬೇಕು. ಮಾರ್ನಿ ಎಲ್ಲವನ್ನೂ ಮಾಡಿದ್ದಳು. ಪದಗಳ ಅರ್ಥವೆಲ್ಲ ಅವಳಿಗೆ ಬಾಯಿಪಾಠ. ಆದರೆ ಹಿಂದಿನ ವಾರ ‘ಒಣ ಸಗಣಿಯನ್ನು ಒಲೆಗೆ ಹಾಕುತ್ತಿದ್ದರು’ ಎಂಬಲ್ಲಿ, “ನೀನಾಗಿದ್ರೆ ಅದನ್ನ ಏಪ್ರನ್‌ನಲ್ಲಿ ತುಂಬ್ಕೊಂಡು ಬರ್ತಿದ್ಯಾ?” ಎಂದು ನಾನು ಕೇಳಿದಾಗ ಅವಳು ಗೊಂದಲಗೊಂಡು, “ಅರ್ಥದಲ್ಲಿ ಏಪ್ರನ್ ಇಲ್ಲ, ಮಿಸ್,” ಎಂದಿದ್ದಳು.

ಆಗ ಅದನ್ನು ಜಾಣ ಉತ್ತರವೆಂದುಕೊಂಡು ಬಿಟ್ಟಿದ್ದೆ. ಈಗ ಬಾನಿಯ ಉತ್ತರದ ಪಕ್ಕ ಇಟ್ಟು ನೋಡಿದಾಗ ನನಗೆ ಅನುಮಾನ ಉಳಿಯಲಿಲ್ಲ. ಈ ಮಗು ಓದುತ್ತಿರಲಿಲ್ಲ. ಅಕ್ಷರಗಳನ್ನು ದನಿಯಾಗಿ ಮಾಡುತ್ತಿತ್ತು, ಅಷ್ಟೆ. ದನಿ ಅಷ್ಟು ಚೆನ್ನಾಗಿದ್ದುದರಿಂದ ಒಳಗೆ ಏನಿದೆ ಎಂದು ಯಾರೂ ಇಣುಕಿರಲಿಲ್ಲ.

ಅದೇ ಮಧ್ಯಾಹ್ನ ಹೆಡ್‌ಮಾಸ್ಟರ್ ಪೆಲ್ಸ್ಟರ್ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಮಕ್ಕಳ ಹೆಸರಲ್ಲದೆ ಅವರ ನಾಯಿಗಳ ಹೆಸರೂ ಅವರಿಗೆ ಗೊತ್ತು.

“ಕೊರಿನ್, ಸಿಹಿ ಸುದ್ದಿ. ನಿಮ್ಮ ಮಾರ್ನಿ ಓದೋ ವೇಗ ಇಡೀ ಕೌಂಟಿಗೇ ಮೊದಲು. ಮುಂದಿನ ವರ್ಷದಿಂದ ಓದಿನ ಪೀರಿಯಡ್ಡಿಗೆ ಅವಳನ್ನ ಪೇಟೆ ಶಾಲೆಯ ಚುರುಕು ಮಕ್ಕಳ ಕ್ಲಾಸಿಗೆ ಕಳಿಸೋಣ ಅಂತಿದೀನಿ. ಬಸ್ಸು ಅವರೇ ಕಳಿಸ್ತಾರೆ.”

“ಬೇಡಿ,” ಎಂದೆ. “ಅವಳಿಗೆ ಓದಿದ್ದು ಅರ್ಥ ಆಗ್ತಿಲ್ಲ.”

“ಪರೀಕ್ಷೇಲಿ ಉತ್ತರ ಎಲ್ಲಾ ಸರಿ ಬರ್ದಿದಾಳಲ್ರೀ!”

“ಪ್ರಶ್ನೆಯಲ್ಲಿರೋ ಪದ ಪುಟದಲ್ಲಿ ಎಲ್ಲಿದೆ ಅಂತ ಹುಡುಕ್ತಾಳೆ. ಅದರ ಪಕ್ಕದ ಸಾಲನ್ನ ಇಳಿಸ್ತಾಳೆ. ಯಾಕೆ ಅಂತ ಕೇಳಿದ್ರೆ ಕೈ ಚೆಲ್ತಾಳೆ.”

ಪೆಲ್ಸ್ಟರ್ ಕುರ್ಚಿಗೆ ಒರಗಿದರು. “ನೀವು ಹಿಮಗಾಳಿಗೆ ಹೆದರಿ ಜೂನ್ ಬೇಸಿಗೇಲೂ ಕಾರಿನಲ್ಲಿ ಕಂಬಳಿ ಇಟ್ಕೊಂಡು ಓಡಾಡೋರು.”

“ಇಟ್ಕೋತೀನಿ. ಆ ಪೇಟೆ ಕ್ಲಾಸಿನಲ್ಲಿ ವಾರಕ್ಕೊಂದು ಪುಸ್ತಕ ಮುಗಿಸ್ತಾರೆ. ಅಷ್ಟು ವೇಗದಲ್ಲಿ ಇವಳ ಗುಟ್ಟು ಯಾರಿಗೂ ಗೊತ್ತಾಗಲ್ಲ. ದೊಡ್ಡವಳಾಗೋ ತನಕ ಗೊತ್ತಾಗಲ್ಲ.”

“ಸರಿ,” ಎಂದರು. “ ಹಳೇ ಶಾಲೆ ದಿನ ಅವಳೇ ತಾನೇ ಓದೋದು? ಅವತ್ತು ಕೇಳ್ತೀನಿ. ಅವತ್ತೇ ಅವರಪ್ಪ ಡುಶೆಕ್‌ಗೆ ನನ್ನ ತೀರ್ಮಾನ ಹೇಳ್ತೀನಿ.”

ಹಳೇ ಶಾಲೆ ದಿನ ಬರುವುದು ಮೇ ತಿಂಗಳಲ್ಲಿ. ನಮ್ಮ ಕಡೆಯ ನಾಲ್ಕನೇ ತರಗತಿಯವರೆಲ್ಲ ವರ್ಷಕ್ಕೊಂದು ದಿನ, ಅಜ್ಜಿ ಮುತ್ತಜ್ಜಿಯರ ಕಾಲದ ಉಡುಪು ಹಾಕಿಕೊಂಡು, ತಗಡಿನ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು, ನದಿಯ ಕಡೆಗಿರುವ ಒಂದೇ ಕೋಣೆಯ ಹಳೆಯ ಶಾಲೆಯಲ್ಲಿ ಪಾಠ ಕಲಿಯುತ್ತಾರೆ. ಊರಿನ ಹಿರಿಯರು ಹಿಂದಿನ ಬೆಂಚುಗಳಲ್ಲಿ ಕೂರುತ್ತಾರೆ. ಕೊನೆಗೆ ಒಂದು ಮಗು ಎದ್ದು ನಿಂತು ಓದಬೇಕು. ಅವರ ಕಾಲದಲ್ಲಿ ಚೆನ್ನಾಗಿ ಓದುವುದೆಂದರೆ ಗಟ್ಟಿಯಾಗಿ, ತಡೆಯಿಲ್ಲದೆ, ಭಾವ ತುಂಬಿ ಓದುವುದು. ನಡುವೆ ನಿಂತರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಮರುದಿನ ಕೋಟುಗಳನ್ನು ತೂಗುಹಾಕುವ ಪಡಸಾಲೆಯಲ್ಲಿ ಮಾರ್ನಿಯನ್ನು ಒಬ್ಬಳನ್ನೇ ಹಿಡಿದೆ.

“ನಿನ್ನ ಪುಸ್ತಕದಲ್ಲಿ ಕ್ಲಿಪ್ಪೇ ಇಲ್ವಲ್ಲ.”

“ನಂಗೆ ಎಲ್ಲೂ ಕತ್ತಲಾಗಲ್ಲ, ಮಿಸ್.”

“ಹಾಗಾದ್ರೆ ಬೆಳಕು ಎಲ್ಲಿದೆ ತೋರ್ಸು. ಯಾವ ಸಾಲಾದ್ರೂ ಸರಿ.”

ಅವಳು ಬೂಟಿನ ತುದಿಯಿಂದ ನೆಲದ ಮೇಲೆ ಕರಗುತ್ತಿದ್ದ ಹಿಮವನ್ನು ತಳ್ಳಿದಳು. ತಲೆ ಎತ್ತದೆ ಕೇಳಿದಳು: “ಎಲ್ರಿಗೂ ನಿಜವಾಗ್ಲೂ ಕಾಣುತ್ತಾ?”

“ಏನು?”

“ಚಿತ್ರ. ವೇಡ್ ಹೇಳ್ತಾನಲ್ಲ, ಫೀಬಿ ಮನೆ ಸೂರಿಂದ ಹಾವು ಬಿತ್ತು, ನಾನ್ ನೋಡ್ದೆ ಅಂತ. ಸುಮ್ನೆ ಬುರುಡೆ ಬಿಡ್ತಿದಾನೆ ಅಂದ್ಕೊಂಡಿದ್ದೆ. ಎಲ್ರೂ ಸೇರಿ ಆಟ ಆಡ್ತಿದೀರ ಅಂದ್ಕೊಂಡಿದ್ದೆ.”

ನಾನು ಅವಳ ಕೋಟಿನ ಗುಂಡಿ ಹಾಕಿದೆ. “ಕಾಣುತ್ತೆ. ನಿಂಗೂ ಕಾಣುತ್ತೆ. ಅದಕ್ಕೆ ನೀನು ನಿಂತ್ಕೋಬೇಕು, ಅಷ್ಟೆ.”

“ನಿಂತ್ರೆ ಅಪ್ಪನಿಗೆ ಬೇಜಾರಾಗುತ್ತೆ,” ಎಂದು ಹೇಳಿ ಅವಳು ಬಸ್ಸಿಗೆ ಓಡಿದಳು.

ಅವಳ ಅಪ್ಪ ಲೈಲ್ ಡುಶೆಕ್ ದನದ ಹರಾಜು ಕೂಗುವವನು. ಗುರುವಾರ ಶಾಲೆ ಬಿಟ್ಟ ಮೇಲೆ ನಾನು ಹರಾಜಿನ ಕೊಟ್ಟಿಗೆಗೆ ಹೋಗಿ ಮೇಲಿನ ಮೆಟ್ಟಿಲಿನ ಮೇಲೆ ಕುಳಿತೆ. ಅವನ ದನಿ ಮೈಕಿನಲ್ಲಿ ಗುಂಡುಕಲ್ಲುಗಳ ಮೇಲೆ ಹರಿಯುವ ನೀರಿನಂತೆ ಓಡುತ್ತಿತ್ತು. ಮಗಳ ದನಿ ಎಲ್ಲಿಂದ ಬಂತೆಂದು ಕೇಳಬೇಕಾಗಿರಲಿಲ್ಲ.

ನನ್ನನ್ನು ಕಂಡು ಅವನು ಕೂಗಿನ ನಡುವೆಯೇ, “ಮಿಸೆಸ್ ಹಾಲ್ವರ್ಸ್, ಹುಷಾರು! ಇಲ್ಲಿ ಕೈ ಎತ್ತಿದ್ರೆ ಸವಾಲು ಅಂತ ಲೆಕ್ಕ, ಮೂಗು ಕೆರ್ಕೊಂಡ್ರೂ ಹೋರಿ ನಿಮ್ಮ ಮನೆಗೆ ಬರುತ್ತೆ!” ಎಂದ. ಜನ ತಿರುಗಿ ನೋಡಿ ನಕ್ಕರು. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೆ.

ಆಮೇಲೆ ಒಂದು ಕೆಂಪು ಹಸು ಅಂಕಣಕ್ಕೆ ಬಂತು. ಲೈಲ್ ಕೂಗತೊಡಗಿದ, ಬೆಲೆ ಏರತೊಡಗಿತು, ಆಗ ಅವನು ಥಟ್ಟನೆ ನಿಲ್ಲಿಸಿದ. ಅಷ್ಟು ಹೊತ್ತಿನ ಸದ್ದಿನ ಮೇಲೆ ಆ ಮೌನ ಕಿವಿಗೆ ಹೊಡೆಯಿತು.

“ಅದನ್ನ ಇನ್ನೊಂದು ಸುತ್ತು ನಡೆಸ್ರಪ್ಪಾ,” ಎಂದ. “ಹಿಂದಿನ ಎಡಗಾಲು ಎಲ್ಲರೂ ನೋಡ್ಕೊಳ್ಳಿ. ಆಮೇಲೆ ನನ್ನ ಬೈಬೇಡಿ.”

ಹಸು ಕುಂಟುತ್ತಿತ್ತು, ತುಸುವೇ. ನನಗೆ ಕಾಣಿಸಿರಲಿಲ್ಲ.

ಹರಾಜು ಮುಗಿದ ಮೇಲೆ ಕೊಟ್ಟಿಗೆಯ ಕ್ಯಾಂಟೀನಿನಲ್ಲಿ ಅವನು ನನಗೂ ತನಗೂ ಚೆರಿ ಹಣ್ಣಿನ ಪೈ ತಂದಿಟ್ಟು ಕುಳಿತ. ನಾನು ವಿಷಯ ಹೇಳಿದೆ. ಸುತ್ತಿ ಬಳಸಲಿಲ್ಲ. ಅವನ ಮುಖ ಕೆಂಪಾಯಿತು.

“ನನ್ನ ಮಗಳಿಗೆ ಓದೋಕೆ ಬರಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ? ಚರ್ಚಿನಲ್ಲಿ ಅವಳು ಓದಿದ್ರೆ ಮುದುಕೀರು ಕಣ್ಣು ಒರೆಸ್ಕೋತಾರೆ!”

“ಮುದುಕೀರಿಗೆ ಅರ್ಥ ಆಗಿರುತ್ತೆ. ಅವಳಿಗೆ ಆಗಿರಲ್ಲ.”

“ನೋಡಿ ಮಿಸೆಸ್ ಹಾಲ್ವರ್ಸ್,” ಅವನು ಫೋರ್ಕನ್ನು ಕೆಳಗಿಟ್ಟ. “ನಾನು ನಾಲ್ಕನೇ ಕ್ಲಾಸಲ್ಲಿ ಪ್ರತಿ ಸಾಲಿಗೂ ನಿಂತು ನಿಂತು ಓದ್ತಿದ್ದೆ. ನಾನು ಎದ್ದು ನಿಂತ್ರೆ ಸಾಕು, ಹಿಂದಿನೋರು ಗೊರಕೆ ಹೊಡೆಯೋ ಸದ್ದು ಮಾಡ್ತಿದ್ರು. ಆಗಿನ ಟೀಚರೂ ನಗ್ತಿದ್ರು. ನನ್ನ ಮಗಳು ನಿಲ್ಲಲ್ಲ. ದೇವರು ಅದೊಂದು ಕೊಟ್ಟಿದಾನೆ. ನೀವು ಅವಳನ್ನ ನಿಲ್ಲಿಸ್ಬೇಡಿ.”

“ಇವತ್ತು ನೀವೂ ನಿಂತ್ರಲ್ಲ.”

“ನಾನಾ? ಎಲ್ಲಿ?”

“ಕೆಂಪು ಹಸು.”

“ಅದು ಬೇರೆ ರೀ! ಕಾಲು ಕುಂಟ್ತಿತ್ತು.”

“ನಿಮಗೆ ಕಂಡಿತು, ಅದಕ್ಕೆ ನಿಂತ್ರಿ. ಬಾಯಿ ಓಡ್ತಿದ್ರೂ ನಿಮ್ಮ ಕಣ್ಣು ಹಸು ಮೇಲೇ ಇತ್ತು. ಮಾರ್ನಿಗೆ ಬಾಯಿ ಮಾತ್ರ ಓಡ್ತಿದೆ, ಮಿಸ್ಟರ್ ಡುಶೆಕ್. ಹಸು ಕಾಣ್ತಿಲ್ಲ.”

ಅವನು ಪೈಯ ಅಂಚನ್ನು ಪುಡಿ ಮಾಡುತ್ತ, “ಕ್ಲಾಸಿನಲ್ಲಿ ನಿಮಗೆ ಬೇಕಾದ್ದು ಮಾಡಿ,” ಎಂದ. “ಹಳೇ ಶಾಲೆ ದಿನ ಮಾತ್ರ ಊರೆಲ್ಲ ಇರುತ್ತೆ. ಅವತ್ತು ಅವಳು ನಿಲ್ಲಬಾರದು. ಮಾತು ಕೊಡಿ.”

“ನಾನು ಅವಳನ್ನ ನಿಲ್ಲಿಸಲ್ಲ,” ಎಂದೆ. ಪದಗಳನ್ನು ಆರಿಸಿಯೇ ಹೇಳಿದ್ದೆ.

ಕೆಲಸ ಶುರುವಾಯಿತು. ಮೊದಲು ಹಗ್ಗ. ಶಾಲೆಯ ಹಿಂಬಾಗಿಲಿನಿಂದ ಧ್ವಜಸ್ತಂಭಕ್ಕೆ ಹಗ್ಗ ಕಟ್ಟಿ, ಗಾಳಿ ಜೋರಾಗಿದ್ದ ಒಂದು ದಿನ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ನಡೆಸಿದೆ. ಮಾರ್ನಿ ಅರ್ಧ ದಾರಿಯಲ್ಲಿ ಇದ್ದಾಗ ಹಗ್ಗವನ್ನು ಬಿಚ್ಚಿಸಿದೆ. ಅವಳ ಕೈಯಲ್ಲಿ ಸಡಿಲ ಹಗ್ಗ ಉಳಿಯಿತು. ಒಂದು ಹೆಜ್ಜೆ ಇಟ್ಟಳು, ತಿರುಗಿದಳು, ಮತ್ತೆ ತಿರುಗಿದಳು. ನಾನು ಕೈಯಳತೆಯಲ್ಲೇ ಇದ್ದೆ, ಅವಳಿಗೆ ಗೊತ್ತಿರಲಿಲ್ಲ. ಆಗ ಬಾಗಿಲಲ್ಲಿ ವೇಡ್ ಬಕೆಟ್ಟಿನ ತಳ ಬಡಿಯತೊಡಗಿದ. ಮಾರ್ನಿಯ ಮುಖ ಆ ಕಡೆ ಹೊರಳಿತು. ಸದ್ದಿನ ಕಡೆಗೆ ಎಡವುತ್ತ ಓಡಿ ಬಂದು, ಕಣ್ಣಿನ ಬಟ್ಟೆ ಕಿತ್ತು ವೇಡ್‌ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

“ಎಷ್ಟು ಹೊತ್ತೋ ಬಡಿಯೋಕೆ! ನಾನು ಅಲ್ಲೇ ಸತ್ತೋಗ್ತಿದ್ದೆ!”

“ಈಗ ಗೊತ್ತಾಯ್ತಾ ಫೀಬಿ ಯಾಕೆ ಬಾನಿ ಬಡಿದ್ಳು ಅಂತ?” ಎಂದ ವೇಡ್. ಮಾರ್ನಿ ಒಳಗೆ ಹೋಗಿ ಆ ಪುಟ ತೆರೆದು ಕುಳಿತಳು.

ಆಮೇಲೆ ದಿನವೂ ಬಿಡುವಿನಲ್ಲಿ ನಾವಿಬ್ಬರು. ಒಂದು ವಾಕ್ಯ ಓದುವುದು, ಪುಸ್ತಕ ಮುಚ್ಚುವುದು, ಏನಿದೆ ಎಂದು ಹೇಳುವುದು. ಮೊದಲು ಅವಳು ಅದೇ ವಾಕ್ಯವನ್ನು ಹಿಂದಿರುಗಿಸುತ್ತಿದ್ದಳು. “ಅದು ಪುಸ್ತಕದ್ದು. ನಿನ್ನದು ಹೇಳು,” ಎನ್ನುತ್ತಿದ್ದೆ. ಅವಳು ಅತ್ತಳು. ನನ್ನನ್ನು ಕೆಟ್ಟವಳೆಂದಳು, ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ. ನಾನು ಬಿಡಲಿಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ನಾನು ಎರಡೆರಡು ಸಲ ಯೋಚಿಸುತ್ತೇನೆ. ಒಂದು ಮಗು ಓದುವುದಕ್ಕೆ ಎಷ್ಟು ಹತ್ತಿರ ಬಂದಿದೆ ಎಂಬುದು ಮಾತ್ರ ನನಗೆ ತಿಳಿಯುತ್ತದೆ.

ಮಾರ್ಚ್ ಕೊನೆಯ ಒಂದು ದಿನ ಫೀಬಿಯ ಅಮ್ಮ ಒಲೆಗೆ ಸಗಣಿ ಹಾಕುವ ವಾಕ್ಯ ಓದಿ ಪುಸ್ತಕ ಮುಚ್ಚಿದವಳು ಮೂಗು ಸುಕ್ಕಿಸಿದಳು.

“ಮಿಸ್, ವಾಸನೆ.”

“ಏನು ವಾಸನೆ?”

“ಅಪ್ಪನ ಬೂಟಿನದು. ಹೀಟರ್ ಹತ್ರ ಒಣಗೋಕೆ ಇಟ್ಟಾಗ ಬರುತ್ತಲ್ಲ, ಅದು. ಆ ಮನೆ ತುಂಬ ಅದೇ ಇದೆ. ಫೀಬಿ ಅಮ್ಮ ರೊಟ್ಟೀನೂ ಅದರಲ್ಲೇ ಸುಡ್ತಿದಾಳೆ.” ಅವಳು ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದಳು. “ಇದೇನಾ? ಇದೇ ಅದಾ?”

“ಇದೇ,” ಎಂದೆ.

ಅಂದಿನಿಂದ ಅವಳ ಪುಸ್ತಕಕ್ಕೆ ಕ್ಲಿಪ್ಪುಗಳು ಬರತೊಡಗಿದವು. ಮೇಜಿನ ಅಂಚಿನವು ಸಾಲದೆ ವೇಡ್‌ನಿಂದ ಸಾಲ ತಂದಳು. ಅವಳ ಓದು ನಿಧಾನವಾಯಿತು, ಒರಟಾಯಿತು. ಪೆಲ್ಸ್ಟರ್ ಬಾಗಿಲ ಬಳಿ ನಿಂತು ಕೇಳಿ ಹುಬ್ಬೇರಿಸಿ ಹೋದರು.

ಹಳೇ ಶಾಲೆ ದಿನದ ಹಿಂದಿನ ಮಧ್ಯಾಹ್ನ ಅವಳು ನನ್ನ ಮೇಜಿನ ಬಳಿಗೆ ಬಂದಳು. “ಮಿಸ್, ನಾಳೆ ನಾನು ಹಳೇ ಥರಾನೇ ಓದ್ತೀನಿ. ಬೇಗ. ಅಪ್ಪ ಬರ್ತಾರೆ. ಅವರು ಚಿಕ್ಕವರಿದ್ದಾಗ ನಿಂತು ನಿಂತು ಓದ್ತಿದ್ರಂತೆ. ಎಲ್ರೂ ನಗ್ತಿದ್ರಂತೆ. ಮೊನ್ನೆ ಹೇಳಿದ್ರು.”

“ನಿನ್ನಿಷ್ಟ,” ಎಂದೆ. ಹಾಗೆ ಓದಿದರೆ ಪೆಲ್ಸ್ಟರ್ ಆ ಗಳಿಗೆಯಲ್ಲೇ ಅವಳನ್ನು ಪೇಟೆಯ ಬಸ್ಸಿಗೆ ಹತ್ತಿಸುತ್ತಾರೆ, ಕಷ್ಟಪಟ್ಟು ಹೊತ್ತಿಸಿದ್ದು ಅಲ್ಲಿಯ ಓಟದಲ್ಲಿ ನಂದುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಇಷ್ಟ ಅವಳದೇ ಆಗಿರಬೇಕಿತ್ತು.

ಮರುದಿನ ಬಿಸಿಲು ಚೆನ್ನಾಗಿತ್ತು. ಆರ್ಡಿಸ್ ಬ್ರಾಂಡ್ಲ್ ಅಜ್ಜಿ ಹಿತ್ತಾಳೆಯ ಕೈಗಂಟೆ ಅಲ್ಲಾಡಿಸಿದರು. ಅದೇ ಶಾಲೆಯಲ್ಲಿ ಓದಿದವರಲ್ಲಿ ಉಳಿದಿರುವವರು ಅವರೊಬ್ಬರೇ. ಆ ದಿನ ಯಾರನ್ನು ಬೇಕಾದರೂ ಬೈಯುವ ಹಕ್ಕು ಅವರಿಗಿದೆ ಎಂದು ಊರು ಒಪ್ಪಿಕೊಂಡಿದೆ.

“ಏಯ್, ಬೆನ್ನು ನೆಟ್ಟಗೆ! ನಿನ್ನ ಪ್ಯಾಂಟು ಹಿಡ್ಕೊಂಡಿರೋದು ಆ ಪಟ್ಟಿಗಳೋ, ದೇವರ ದಯೆಯೋ?” ಎಂದು ವೇಡ್‌ನನ್ನು ಗದರಿದರು.

“ಎರಡೂ, ಅಜ್ಜಿ,” ಎಂದ ವೇಡ್. ಅವನ ಭುಜದ ಪಟ್ಟಿ ಅದಾಗಲೇ ಒಂದು ಕಡೆ ಕಿತ್ತುಹೋಗಿತ್ತು.

ಹುಡುಗಿಯರು ಬಟ್ಟೆಯ ಕುಲಾವಿ ಕಟ್ಟಿಕೊಂಡಿದ್ದರು. ಕಿಟಕಿಯ ಕಟ್ಟೆಯ ಮೇಲೆ ಬುತ್ತಿ ಡಬ್ಬಿಗಳು, ಬೇಯಿಸಿದ ಮೊಟ್ಟೆಯ ವಾಸನೆ, ಯಾರದೋ ಅಮ್ಮ ಕಳಿಸಿದ ಒಣದ್ರಾಕ್ಷಿ ತುಂಬಿದ ಕೊಲಾಚೆ ಬನ್ನುಗಳು. ಹಿಂದಿನ ಗೋಡೆಗೆ ಒರಗಿ ಲೈಲ್ ಡುಶೆಕ್ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದ. ಪೆಲ್ಸ್ಟರ್ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕುಳಿತಿದ್ದರು.

ಮಾರ್ನಿ ಎದ್ದು ನಿಂತು ಪುಸ್ತಕದ ಮೊದಲ ಅಧ್ಯಾಯ ತೆರೆದಳು, ಗಾಡಿಯವರು ಬಂದಿಳಿಯುವ ದಿನದ್ದು. ದನಿ ಏರಿತು. ಅದೇ ಹಳೆಯ ದನಿ, ಹೊಳೆಯುವ, ಓಡುವ ದನಿ. ಆರ್ಡಿಸ್ ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದರು. ಲೈಲ್‌ನ ಭುಜ ಸಡಿಲವಾಯಿತು.

“‘...ಬಯಲಿನ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲವೂ ಖಾಲಿ. ಲೋಕ ಹುಟ್ಟಿದಾಗಿನಿಂದ ಆ ನೆಲದ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ನಾವೇ ಮೊದಲಿಗರು. ಅಪ್ಪ ಎತ್ತುಗಳನ್ನು ಬಿಚ್ಚಿದ. ಎದೆಯುದ್ದದ ಹುಲ್ಲಿನ ನಡುವೆ ಹಳೆಯ ಕಾಲುದಾರಿಯೊಂದು ನದಿಗೆ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಚಪ್ಪಟೆ ಕಲ್ಲುಗಳು ಮೆಟ್ಟಿಲಿನಂತೆ ಕೂತಿದ್ದವು. ನಾನು ಬಕೆಟ್ಟು ಹಿಡಿದು ಒಂದೊಂದಾಗಿ...’”

ದನಿ ನಿಂತಿತು.

ಮಕ್ಕಳು ತಲೆ ಎತ್ತಿದರು. ಮಾರ್ನಿ ಪುಟದತ್ತ ನೋಡುತ್ತಿರಲಿಲ್ಲ. ನೆಲದ ಮೇಲೆ ಯಾವುದನ್ನೋ ನೋಡುತ್ತಿದ್ದಳು, ಇನ್ನೊಂದು ಹೆಜ್ಜೆ ಎಲ್ಲಿಡಬೇಕೆಂದು ಹುಡುಕುವವಳಂತೆ.

“ನಿಲ್ಲಿಸ್ಬೇಡ ಮಗಾ, ಓದು ಓದು!” ಎಂದರು ಆರ್ಡಿಸ್ ಅಜ್ಜಿ. “ಚೆನ್ನಾಗಿ ಬರ್ತಿತ್ತು!”

ಹಿಂದೆ ಯಾರೋ ಕೆಮ್ಮಿದರು. ಮಾರ್ನಿಯ ಕುತ್ತಿಗೆ ಕೆಂಪಾಯಿತು. ಅವಳು ಮೊದಲು ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ನಾನು ಬಾಯಿ ಬಿಗಿಹಿಡಿದು ಕುಳಿತೆ. ಏನಾದರೂ ಹೇಳಿದ್ದರೆ ಅದು ನನ್ನ ಓದಾಗುತ್ತಿತ್ತು.

ಲೈಲ್ ಗೋಡೆಯಿಂದ ಬೆನ್ನು ತೆಗೆದ. “ತಡೀರಿ ಆರ್ಡಿಸ್,” ಎಂದ. ಹರಾಜಿನ ಕೊಟ್ಟಿಗೆಯ ದನಿಯಲ್ಲ. ಅವನ ದನಿ ಅಷ್ಟು ಮೆಲ್ಲಗೆ ಕೇಳಿದ್ದು ಅದೇ ಮೊದಲು. “ಅವಳಿಗೇನೋ ಕಂಡಿದೆ.”

“ಏನು ಕಂಡ್ತು, ಮಾರ್ನಿ?” ಎಂದು ಕೇಳಿದವರು ಪೆಲ್ಸ್ಟರ್.

“ಯಾರೂ ಕಾಲಿಟ್ಟಿರಲಿಲ್ಲ ಅಂತಾಳೆ,” ಎಂದಳು ಮಾರ್ನಿ. “ಆಮೇಲೆ ಕಾಲುದಾರೀಲಿ ಇಳಿದೆ ಅಂತಾಳೆ. ನಾನೂ ಇಳೀತಾ ಇದ್ದೆ. ಕಲ್ಲು ತಣ್ಣಗಿತ್ತು. ಅಷ್ಟರಲ್ಲಿ... ಅದನ್ನ ಯಾರು ಇಟ್ರು?”

“ಕಾಡೆಮ್ಮೆಗಳು!” ಎಂದ ವೇಡ್. “ಗುಂಪುಗುಂಪಾಗಿ ನೀರಿಗೆ ಹೋಗ್ತಿದ್ವಲ್ಲ.”

“ಕಾಡೆಮ್ಮೆ ಮೆಟ್ಟಿಲು ಕಟ್ಟುತ್ತೇನೋ?”

ಕೋಣೆ ತುಂಬ ನಗು ಎದ್ದಿತು, ವೇಡ್‌ನದೇ ಎಲ್ಲಕ್ಕಿಂತ ಜೋರು. ನಗು ಇಳಿದ ಮೇಲೆ ಪ್ರಶ್ನೆ ಅಲ್ಲೇ ಉಳಿದಿತ್ತು. ನನ್ನ ಪುಸ್ತಕದಲ್ಲಿ ಆ ಸಾಲಿಗೆ ಎಂದೂ ಕ್ಲಿಪ್ಪು ಬಿದ್ದಿರಲಿಲ್ಲ.

ಆರ್ಡಿಸ್ ಅಜ್ಜಿ ಗಂಟೆಯನ್ನು ಮಡಿಲಲ್ಲಿ ಹೊರಳಿಸಿದರು. “ಪಾವ್ನೀ ಜನ, ಮಗಾ, ಈ ನೆಲದ ಮೂಲನಿವಾಸಿಗಳು,” ಎಂದರು. “ನನ್ನ ಮುತ್ತಜ್ಜ ಬಂದಾಗ ಅವರ ಊರು ಲೂಪ್ ನದಿ ದಂಡೆ ಮೇಲಿತ್ತು. ಆಮೇಲೆ ಸರ್ಕಾರದೋರು ಅವರನ್ನ ದಕ್ಷಿಣಕ್ಕೆ ಕಳಿಸಿಬಿಟ್ರು. ಮುತ್ತಜ್ಜ ಗಾಡಿ ಹೊಡೆದಿದ್ದು ಅವರ ದಾರೀಲೇ. ಇವತ್ತು ನೀವೆಲ್ಲ ಬಸ್ಸಲ್ಲಿ ಕುಣಿದಾಡ್ಕೊಂಡು ಬಂದ್ರಲ್ಲ, ಅದೇ ಅದು. ಈ ಶಾಲೇಲಿ ನಾವು ‘ಖಾಲಿ ಬಯಲು, ಖಾಲಿ ಬಯಲು’ ಅಂತ ಹಾಡ್ತಿದ್ವಿ. ಗಟ್ಟಿಯಾಗಿ. ಯಾರೂ ಕೇಳ್ಲಿಲ್ಲ,” ಎಂದರು.

ಮಕ್ಕಳು ಕಿಟಕಿಯಾಚೆಯ ರಸ್ತೆಯನ್ನು ನೋಡಿದರು. ಮಾರ್ನಿ ತನ್ನ ಲಂಗದ ಜೇಬಿನಲ್ಲಿ ತಡಕಾಡಿ ಒಂದು ಕ್ಲಿಪ್ಪು ತೆಗೆದು ‘ಖಾಲಿ’ ಎಂಬ ಪದದ ಪಕ್ಕ ಸಿಕ್ಕಿಸಿದಳು. ಹಳೇ ಥರ ಓದುತ್ತೇನೆಂದವಳು ಜೇಬಿನಲ್ಲಿ ಕ್ಲಿಪ್ಪು ಇಟ್ಟುಕೊಂಡು ಬಂದಿದ್ದಳು.

“ಮೊದಲಿಂದ ಓದ್ಲಾ?” ಎಂದು ಕೇಳಿದಳು. “ಈಗ ಬೇರೆ ಥರ ಇದೆ.”

ಓದಿದಳು. ಬಹಳ ಕೆಟ್ಟದಾಗಿ ಓದಿದಳು. ಎರಡು ಪದಕ್ಕೊಮ್ಮೆ ನಿಂತಳು, ಒಂದು ಸಾಲಿನಲ್ಲಿ ಹಿಂದಕ್ಕೆ ಹೋದಳು, ‘ನಾವೇ ಮೊದಲಿಗರು’ ಎಂಬಲ್ಲಿ ದನಿ ಇಳಿಸಿ ಫೀಬಿಯ ಬಗ್ಗೆ ಅನುಮಾನಪಟ್ಟಳು. ವೇಡ್ ಬುತ್ತಿ ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದ. ಆರ್ಡಿಸ್ ಅಜ್ಜಿ ಕಣ್ಣು ತೆರೆದುಕೊಂಡೇ ಕೇಳಿದರು. ಆ ಓದಿನಲ್ಲಿ ನದಿಯ ನೀರಿಗೆ ಬಕೆಟ್ಟು ತಗಲಿದ್ದು ನನಗೆ ಕೇಳಿಸಿತು.

ಊಟಕ್ಕೆ ಎಲ್ಲರೂ ಹೊರಗೆ ಹುಲ್ಲಿನ ಮೇಲೆ ಕುಳಿತಾಗ ಪೆಲ್ಸ್ಟರ್ ನನ್ನ ಬಳಿ ಬಂದರು; ಕೈಯಲ್ಲಿ ಕೊಲಾಚೆ, ಗಡ್ಡದ ಮೇಲೆ ಸಕ್ಕರೆ.

“ಮುಂದಿನ ವರ್ಷ ಓದಿನ ಪೀರಿಯಡ್ಡಿಗೆ ಅವಳು ನಿಮ್ಮ ಹತ್ರಾನೇ ಬರ್ಲಿ. ಪೇಟೆ ಬಸ್ಸು ಎಲ್ಲಿಗೂ ಓಡಿಹೋಗಲ್ಲ. ಡುಶೆಕ್‌ಗೂ ಹೇಳ್ದೆ.”

“ಏನಂದ?”

“‘ಆಗ್ಲಿ’ ಅಂದ. ಅಷ್ಟೇ. ಆ ಮನುಷ್ಯ ಒಂದೇ ಪದದಲ್ಲಿ ನಿಲ್ಲಿಸಿದ್ದು ನಾನಂತೂ ನೋಡಿರ್ಲಿಲ್ಲ.” ಅವರು ಹೊರಡಲು ತಿರುಗಿ ಮತ್ತೆ ನಿಂತರು. “ಆ ಕಂಬಳಿ ಕಾರಿನಲ್ಲೇ ಇರ್ಲಿ, ಕೊರಿನ್.”

ಕೈಪಂಪಿನ ಬಳಿ ಲೈಲ್ ಮಗಳಿಗೆ ನೀರು ಹೊಡೆದುಕೊಡುತ್ತಿದ್ದ. ಮಾರ್ನಿ ಬೊಗಸೆಯಿಂದ ಕುಡಿದು, ಕುಲಾವಿಯ ದಾರದಿಂದ ಗಲ್ಲ ಒರೆಸಿಕೊಂಡಳು.

“ಅಪ್ಪಾ, ನೀನು ನಾಲ್ಕನೇ ಕ್ಲಾಸಲ್ಲಿ ನಿಂತು ನಿಂತು ಓದ್ತಿದ್ಯಲ್ಲ,” ಎಂದಳು. “ಆವಾಗ ನಿಂಗೆ ಏನು ಕಾಣ್ತಿತ್ತು?”

ಲೈಲ್‌ನ ಕೈ ಪಂಪಿನ ಹಿಡಿಯ ಮೇಲೆ ನಿಂತಿತು. ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತೇಹೋಯಿತು.

“ಎಲ್ಲಾ,” ಎಂದ ಅವನು. “ಎಲ್ಲಾ ಕಾಣ್ತಿತ್ತು ಪುಟ್ಟಾ.”

ಮತ್ತೆ ಹಿಡಿಯನ್ನು ಒತ್ತತೊಡಗಿದ.